ಪೆಟ್ಟಿಗೆಯಲ್ಲಿ ಬಂದ ಆಕಾಶ: ಸಂಚಾರಿ ತಾರಾಲಯದ ಕಥೆ

(ಕೂಟದ ದೀಪಾವಳಿ ಸಮಾರಂಭದಲ್ಲಿ, ಸಂಚಾರಿ ತಾರಾಲಯದ ಪ್ರದರ್ಶನಕ್ಕೆ ಮುನ್ನ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಈ ಸಭಾಂಗಣದ ಹಿಂಬದಿಯಲ್ಲಿ ಬೂದುಬಣ್ಣದ ಬಟ್ಟೆಯ ರಾಶಿಯೊಂದು ಬ್ಲೋಯರಿನ ಸದ್ದಿನೊಡನೆ ಮೆಲ್ಲಮೆಲ್ಲನೆ ಮೇಲೇಳುತ್ತಿರುವುದನ್ನು ತಾವೆಲ್ಲರೂ ಗಮನಿಸಿದ್ದೀರಿ. ಮಕ್ಕಳಲ್ಲಿ ಕೆಲವರು ಅದನ್ನು ಹುಟ್ಟುಹಬ್ಬಗಳಿಗೆ ತರಿಸುವ, ಒಳಗೆ ಕುಣಿದಾಡುವ ಗಾಳಿಮನೆಯೆಂದು ಭಾವಿಸಿ ಆಗಲೇ ಒಮ್ಮೆ ಓಡಿ ಬಂದದ್ದೂ ಆಯಿತು. ಅದು ಪೂರ್ತಿ ಉಬ್ಬಿ ನಿಲ್ಲಲು ಹದಿನೈದು ನಿಮಿಷ ಬೇಕು. ಪ್ರಕ್ಷೇಪಕವನ್ನು ಹೂಡಿ ಸರಿಪಡಿಸಲು ಇನ್ನೂ ಅರ್ಧ ಗಂಟೆ. ಆ ಅವಧಿಯನ್ನು ಮಾತಿನಿಂದ ತುಂಬಿಸಬೇಕೆಂದು ಸಮಿತಿಯವರ ಅಪ್ಪಣೆಯಾಗಿದೆ. ನಾವು ಮೂವರಲ್ಲಿ ಇಬ್ಬರು ಅಲ್ಲಿ ತಂತಿಗಳೊಡನೆ ಹೆಣಗುತ್ತಿದ್ದಾರೆ. ಹಗುರವಾದ ಕೆಲಸ, ಎಂದರೆ ಮಾತು, ಮೂರನೆಯವರ ಪಾಲಿಗೆ ಬಂದಿದೆ.

ನಾವು ಮೂವರೂ ವೃತ್ತಿಯಿಂದ ಖಗೋಳ ವಿಜ್ಞಾನಿಗಳಲ್ಲ. ಒಬ್ಬರು ನೀರು ಸರಬರಾಜಿನ ಇಂಜಿನಿಯರು, ಒಬ್ಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದವರು, ಇನ್ನೊಬ್ಬರು ಲೆಕ್ಕಪತ್ರದವರು. ಯಾರೋ ಬಳಸಿ ಮಾರಾಟಕ್ಕಿಟ್ಟಿದ್ದ ಗುಮ್ಮಟವೊಂದನ್ನು ಕೈಯಿಂದ ಹಣ ಕೂಡಿಸಿ ಕೊಂಡು, ಶಾಲೆ, ಗ್ರಂಥಾಲಯ, ದೇವಾಲಯದ ಸಭಾಭವನ, ಕನ್ನಡ ಕೂಟಗಳೆಂದು ಸುತ್ತುತ್ತ ಹಲವು ವರ್ಷಗಳು ಕಳೆದಿವೆ. ಈ ಹುಚ್ಚು ಹಿಡಿದ ಬಗೆಯನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮಲ್ಲೊಬ್ಬರು 1980ರಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲಾಬಾಲಕರಾಗಿದ್ದರು. ಆ ವರ್ಷದ ಫೆಬ್ರವರಿ 16, ಶನಿವಾರದ ಮಧ್ಯಾಹ್ನ ಚಂದ್ರನ ನೆರಳು ಅರಬ್ಬಿ ಸಮುದ್ರವನ್ನು ದಾಟಿ ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ನೆಲ ಹತ್ತಿತು. ರಾಯಚೂರು ಸೀಮೆಯನ್ನು ಹಾಯ್ದು ಆಂಧ್ರ, ಒರಿಸ್ಸಾಗಳತ್ತ ಸಾಗಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅದೇ ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಉಪಕರಣಗಳನ್ನು ಹೂಡಿ ಕಾದಿದ್ದರು. ನಮ್ಮ ಗೆಳೆಯರ ಮನೆಯಲ್ಲಿ ಮಾತ್ರ ಕಿಟಕಿಗಳ ಸಂದಿಗೂ ಬಟ್ಟೆ ತುರುಕಿ, ನೀರಿನ ಕೊಡಗಳಲ್ಲಿ ದರ್ಭೆ ಹಾಕಿ, ಮಕ್ಕಳನ್ನೆಲ್ಲ ನಡುಮನೆಯಲ್ಲಿ ಕೂಡಿಹಾಕಿದ್ದರು. ಹೊರಗೆ ಹಕ್ಕಿಗಳ ಸದ್ದು ಇದ್ದಕ್ಕಿದ್ದಂತೆ ನಿಂತದ್ದು, ಸ್ವಲ್ಪ ಹೊತ್ತಿಗೆ ಕೋಳಿಯೊಂದು ಕೂಗಿದ್ದು ಅವರಿಗೆ ಇಂದಿಗೂ ನೆನಪಿದೆ. ಎರಡು ನಿಮಿಷಕ್ಕೂ ಮಿಕ್ಕಿ ನಡೆದ ಖಗ್ರಾಸ ಗ್ರಹಣವೊಂದು ತಮ್ಮ ಮಾಳಿಗೆಯ ಮೇಲೆಯೇ ಹಾದುಹೋಯಿತೆಂಬುದು ಅವರಿಗೆ ತಿಳಿದದ್ದು ಮಾರನೆಯ ವಾರ, ಮೇಷ್ಟರ ಬಾಯಿಂದ. ಅಂಥ ನೆರಳು ಒಂದೇ ಊರಿನ ಮೇಲೆ ಮತ್ತೆ ಬೀಳಲು ಸರಾಸರಿ ಮುನ್ನೂರು ನಾನೂರು ವರ್ಷಗಳು ಬೇಕಾಗುತ್ತವೆ.

ಮನೆಯವರನ್ನು ದೂರುವ ಉದ್ದೇಶ ನಮಗಿಲ್ಲ. ಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂಬ ಅವರ ಎಚ್ಚರಿಕೆಯಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವನ್ನು ಹೇಳಿಕೊಡುವವರು ಅವರಿಗೆ ಯಾರೂ ಇರಲಿಲ್ಲ. ಆದರೆ 2024ರ ಏಪ್ರಿಲ್ 8ರಂದು ಈ ದೇಶದ ಮೇಲೆ ಖಗ್ರಾಸ ಗ್ರಹಣ ಹಾದುಹೋಗುವ ಮುನ್ನಾದಿನ, ಯಾರು ಹೊರಗೆ ಬರಬಾರದು, ಯಾರು ಉಣ್ಣಬಾರದು ಎಂಬ ಪಟ್ಟಿಗಳು ನಮ್ಮದೇ ಕನ್ನಡ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಹರಿದಾಡಿದವು. ಕಳುಹಿಸಿದವರಲ್ಲಿ ಇಂಜಿನಿಯರುಗಳಿದ್ದರು, ವೈದ್ಯರೂ ಇದ್ದರು. ಆಕಾಶದ ಭಯಕ್ಕೂ ಪಾಸ್‌ಪೋರ್ಟ್ ಉಂಟೆಂದು ನಮಗೆ ಅಂದು ಮನವರಿಕೆಯಾಯಿತು.

ಈ ಭಯಕ್ಕೂ ತಾರಾಲಯಕ್ಕೂ ಹಳೆಯ ನಂಟಿದೆ. ಅದನ್ನು ಹೇಳುವುದೇ ಇಂದಿನ ಉಪನ್ಯಾಸದ ಮುಖ್ಯ ಭಾಗ.

ಆಕಾಶದ ಪ್ರತಿಕೃತಿಯನ್ನು ಕೈಯಿಂದ ಮಾಡಿ ತಿರುಗಿಸುವ ಆಸೆ ಬಹು ಪುರಾತನವಾದದ್ದು. ಕ್ರಿಸ್ತಪೂರ್ವ 212ರಲ್ಲಿ ಸಿರಾಕ್ಯೂಸ್ ನಗರ ರೋಮನ್ನರ ವಶವಾದಾಗ, ಆರ್ಕಿಮಿಡೀಸ್ ನಿರ್ಮಿಸಿದ್ದ ಗ್ರಹಗೋಲವನ್ನು ಸೇನಾನಿ ಮಾರ್ಸೆಲಸ್ ಒಯ್ದನೆಂದು ಸಿಸೆರೋ ಬರೆದಿದ್ದಾನೆ. ನಮ್ಮ ಆರ್ಯಭಟನೂ ಕ್ರಿಸ್ತಶಕ 499ರ ತನ್ನ ಗ್ರಂಥದ ಗೋಲಪಾದದಲ್ಲಿ, ಮರದಿಂದ ಮಾಡಿದ ಹಗುರವಾದ ಗೋಲವನ್ನು ಪಾದರಸ, ಎಣ್ಣೆ, ನೀರುಗಳ ನೆರವಿನಿಂದ ಕಾಲಕ್ಕೆ ಸರಿಯಾಗಿ ತಿರುಗಿಸಬೇಕೆಂದು ಹೇಳುತ್ತಾನೆ. ಗ್ರಹಣವು ನೆರಳಿನ ಆಟವೆಂದು ಲೆಕ್ಕಹಾಕಿ ತೋರಿಸಿದವನೂ ಅವನೇ. ಆದರೆ ಈ ಗೋಲಗಳಿಗೆಲ್ಲ ಒಂದು ಕೊರತೆಯಿತ್ತು. ನೋಡುವವನು ಹೊರಗೆ ನಿಂತು ನೋಡಬೇಕು. ಎಂದರೆ ದೇವರ ಜಾಗದಲ್ಲಿ ನಿಲ್ಲಬೇಕು. ಮನುಷ್ಯನು ಆಕಾಶವನ್ನು ಒಳಗಿನಿಂದ ಕಾಣುವವನು. ಹದಿನೇಳನೆಯ ಶತಮಾನದಲ್ಲಿ ಉತ್ತರ ಜರ್ಮನಿಯ ಗೊಟ್ಟೋರ್ಪ್ ಅರಮನೆಯಲ್ಲಿ ಮೂರು ಮೀಟರಿಗೂ ಮಿಕ್ಕಿದ ವ್ಯಾಸದ ಟೊಳ್ಳು ಗೋಲವೊಂದನ್ನು ಕಟ್ಟಿ, ಒಳಗೆ ಹತ್ತು ಹನ್ನೆರಡು ಮಂದಿ ಕುಳಿತು ನಕ್ಷತ್ರಗಳು ಸುತ್ತುವುದನ್ನು ನೋಡುವಂತೆ ಮಾಡಿದರು. ಅದು ದೊರೆಗಳ ಆಟಿಕೆ. ಮುಂದೆ ರಷ್ಯದ ಪೀಟರ್ ದೊರೆಗೆ ಉಡುಗೊರೆಯಾಗಿ ಹೋಯಿತು.

ನಮಗೆ ಪ್ರಿಯನಾದವನು ದೊರೆಯಲ್ಲ, ಉಣ್ಣೆ ಹಿಂಜುವವನು. ಹಾಲೆಂಡಿನ ಫ್ರಾನೆಕರ್ ಎಂಬ ಸಣ್ಣ ಊರಿನ ಐಸೆ ಐಸಿಂಗ. 1774ರ ಮೇ 8ರಂದು ಚಂದ್ರ, ಬುಧ, ಶುಕ್ರ, ಮಂಗಳ, ಗುರು ಇವು ಮೇಷದಲ್ಲಿ ಒಟ್ಟುಗೂಡುವುವೆಂದೂ, ಅದರಿಂದ ಗ್ರಹಗಳು ಒಂದಕ್ಕೊಂದು ತಾಗಿ ಭೂಮಿ ತನ್ನ ಹಾದಿಯಿಂದ ಕಿತ್ತುಹೋಗಿ ಸೂರ್ಯನಿಗೆ ಬೀಳಬಹುದೆಂದೂ ಪಾದ್ರಿಯೊಬ್ಬನ ಪುಸ್ತಿಕೆ ಸುದ್ದಿ ಹರಡಿತು. ಜನ ತತ್ತರಿಸಿದರು. ದಿನವೇನೋ ಯಾವ ಅನಾಹುತವೂ ಇಲ್ಲದೆ ಕಳೆಯಿತು. ಐಸಿಂಗನಿಗೆ ಮಾತ್ರ ಅಷ್ಟು ಸಾಕೆನಿಸಲಿಲ್ಲ. ಗ್ರಹಗಳು ನಿಜವಾಗಿ ಎಲ್ಲಿರುತ್ತವೆಂದು ನೆರೆಹೊರೆಯವರಿಗೆ ಕಣ್ಣಾರೆ ತೋರಿಸಬೇಕೆಂದುಕೊಂಡನು. ತನ್ನ ಮನೆಯ ನಡುಮನೆಯ ಚಾವಣಿಯಲ್ಲೇ ಸೌರವ್ಯೂಹವನ್ನು ಕಟ್ಟತೊಡಗಿದನು. ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರ್ ಅಳತೆ. ಮರದ ಚಕ್ರಗಳಿಗೆ ಹಲ್ಲುಗಳಾಗಿ ಕೈಯಿಂದ ಬಡಿದ ಸಾವಿರಾರು ಮೊಳೆಗಳು. ಎಲ್ಲವನ್ನೂ ನಡೆಸಲು ಒಂದೇ ಲೋಲಕದ ಗಡಿಯಾರ. ಆ ಲೋಲಕವು ಗಂಡ ಹೆಂಡಿರು ಮಲಗುವ ಗೂಡಿನ ಮೇಲೆಯೇ ತೂಗಾಡಬೇಕಾಗಿ ಬಂದಾಗ ಹೆಂಡತಿ ಪ್ರತಿಭಟಿಸಿದಳೆಂದೂ, ಪಾಪ, ಅವನು ಲೋಲಕವನ್ನು ಗಿಡ್ಡಮಾಡಿ ಯಂತ್ರವನ್ನು ಅದಕ್ಕೆ ಹೊಂದಿಸಬೇಕಾಯಿತೆಂದೂ ಹೇಳುತ್ತಾರೆ. ನಮ್ಮ ಮನೆಗಳ ಗ್ಯಾರೇಜಿನಲ್ಲಿ ಈ ಗುಮ್ಮಟದ ಚೀಲಗಳನ್ನು ಇಟ್ಟ ಮೇಲೆ ಈ ಪ್ರಸಂಗ ನಮಗೆ ಚೆನ್ನಾಗಿ ಅರ್ಥವಾಗಿದೆ.

ಏಳು ವರ್ಷ ದುಡಿದು 1781ರಲ್ಲಿ ಕೆಲಸ ಮುಗಿಸಿದನು. ಶನಿಯೇ ಕೊನೆಯ ಗ್ರಹ. ಅದೇ ವರ್ಷ ಹರ್ಷೆಲ್ ಯುರೇನಸ್ಸನ್ನು ಕಂಡುಹಿಡಿದನಾದರೂ ಚಾವಣಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಯಂತ್ರ ಇಂದಿಗೂ ಅದೇ ಮನೆಯಲ್ಲಿ ನಡೆಯುತ್ತಿದೆ; 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸಭೆಯಲ್ಲಿರುವ ಹಿರಿಯರಿಗೆ ಇದನ್ನು ಕೇಳುವಾಗ 1962ರ ಫೆಬ್ರವರಿ ನೆನಪಾಗಿರಬೇಕು. ಅಷ್ಟಗ್ರಹಕೂಟ! ಸೂರ್ಯ, ಚಂದ್ರ, ಐದು ಗ್ರಹಗಳು, ಜೊತೆಗೆ ಕೇತು, ಎಲ್ಲವೂ ಮಕರದಲ್ಲಿ. ಪ್ರಳಯವಾಗುತ್ತದೆಂದು ದೇಶದ ಉದ್ದಗಲಕ್ಕೂ ಹೋಮಗಳು ನಡೆದವು, ಅಖಂಡ ಭಜನೆಗಳು ನಡೆದವು. ನಮ್ಮ ತಾಯಂದಿರು ಆ ಮೂರು ದಿನಗಳ ಕಥೆಯನ್ನು ಆಮೇಲೆ ನಗುತ್ತ ಹೇಳುತ್ತಿದ್ದರು; ಅಂದು ಯಾರೂ ನಕ್ಕಿರಲಿಲ್ಲ. ಫ್ರಾನೆಕರಿನ ಜನಕ್ಕೂ ನಮ್ಮವರಿಗೂ ನಡುವೆ ನೂರ ಎಂಬತ್ತೆಂಟು ವರ್ಷಗಳ ಅಂತರವಿದ್ದರೂ ಭಯದ ರೂಪ ಒಂದೇ. ವ್ಯತ್ಯಾಸವೆಂದರೆ ಅಲ್ಲಿ ಒಬ್ಬ ಉಣ್ಣೆಯವನು ಚಾವಣಿಗೆ ಮೊಳೆ ಹೊಡೆಯತೊಡಗಿದನು.

ಇಲ್ಲಿಂದ ಮುಂದೆ ಕಥೆ ಬೇಗ ಸಾಗುತ್ತದೆ. 1913ರಲ್ಲಿ ಶಿಕಾಗೋದಲ್ಲಿ ಆ್ಯಟ್‌ವುಡ್ ಎಂಬವರು ಹದಿನೈದು ಅಡಿ ವ್ಯಾಸದ ತಗಡಿನ ಗೋಲಕ್ಕೆ ನಕ್ಷತ್ರಗಳಿರುವೆಡೆಯಲ್ಲೆಲ್ಲ ರಂಧ್ರ ಕೊರೆದು, ಹೊರಗಿನ ಬೆಳಕು ಒಳಕ್ಕೆ ಬರುವಂತೆ ಮಾಡಿದರು. ಅದೇ ಕಾಲಕ್ಕೆ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದ ಸ್ಥಾಪಕರಾದ ಆಸ್ಕರ್ ಫಾನ್ ಮಿಲ್ಲರ್, ಇನ್ನೂ ದೊಡ್ಡದಾದ ತಿರುಗುವ ಗೋಲವೊಂದು ಬೇಕೆಂದು ಯೇನಾ ನಗರದ ಝೈಸ್ ಕಾರ್ಖಾನೆಯನ್ನು ಕೇಳಿದರು. ಮಹಾಯುದ್ಧ ಬಂದು ಕೆಲಸ ನಿಂತಿತು. 1919ರಲ್ಲಿ ಅಲ್ಲಿನ ಇಂಜಿನಿಯರ್ ವಾಲ್ಟರ್ ಬವರ್ಸ್‌ಫೆಲ್ಡ್ ಸಮಸ್ಯೆಯನ್ನೇ ತಲೆಕೆಳಗು ಮಾಡಿದರು. ಇಷ್ಟು ಭಾರದ ಗೋಲವನ್ನೇಕೆ ತಿರುಗಿಸಬೇಕು? ಗುಮ್ಮಟ ನಿಂತಿರಲಿ, ಬೆಳಕು ತಿರುಗಲಿ. ಬಿಳಿಯ ಗುಮ್ಮಟದ ನಡುವೆ ಪುಟ್ಟ ಯಂತ್ರವಿಟ್ಟು ನಕ್ಷತ್ರಗಳ ಬಿಂಬಗಳನ್ನು ಎಸೆದರಾಯಿತು.

ಈ ಒಂದು ಯೋಚನೆಯೇ ಇಂದಿನ ತಾರಾಲಯಗಳೆಲ್ಲದರ ಅಡಿಗಲ್ಲು. 1923ರ ಆಗಸ್ಟಿನಲ್ಲಿ ಕಾರ್ಖಾನೆಯ ಮಾಳಿಗೆಯ ಮೇಲೆ 16 ಮೀಟರ್ ಗುಮ್ಮಟವೊಂದರಲ್ಲಿ ಯಂತ್ರವನ್ನು ಪರೀಕ್ಷಿಸಿದರು. ಆ ಗುಮ್ಮಟವನ್ನು ಕಟ್ಟಲು ಬವರ್ಸ್‌ಫೆಲ್ಡ್ ಹೆಣೆದ ಉಕ್ಕಿನ ಕಡ್ಡಿಗಳ ಬಲೆ, ಅದರ ಮೇಲಿನ ತೆಳು ಕಾಂಕ್ರೀಟು, ವಾಸ್ತುಶಿಲ್ಪದ ಚರಿತ್ರೆಯಲ್ಲಿಯೇ ಒಂದು ಅಧ್ಯಾಯವಾಯಿತು. ಅದೇ ಅಕ್ಟೋಬರ್ 21ರಂದು ಮ್ಯೂನಿಕ್ಕಿನಲ್ಲಿ ಮೊದಲ ಪ್ರದರ್ಶನ. ನೆನಪಿರಲಿ, ರೊಟ್ಟಿಯ ಬೆಲೆ ಬೆಳಗಿಗೊಂದು ಸಂಜೆಗೊಂದು ಆಗುತ್ತಿದ್ದ ಜರ್ಮನಿಯದು. ಆ ಜನ ಸುಮಾರು ನಾಲ್ಕೂವರೆ ಸಾವಿರ ನಕ್ಷತ್ರಗಳ ಕೆಳಗೆ ಕುಳಿತು ಉಸಿರು ಬಿಗಿಹಿಡಿದರು. ಅಮೆರಿಕದ ಮೊದಲನೆಯ ತಾರಾಲಯ 1930ರಲ್ಲಿ ಶಿಕಾಗೋದ ಆ್ಯಡ್ಲರ್. ಕಲಕತ್ತೆಯ ಬಿರ್ಲಾ ತಾರಾಲಯ 1963ರಲ್ಲಿ. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ. ಅಲ್ಲಿ ಮೊದಲು ಹೂಡಿದ್ದೂ ಝೈಸ್ ಯಂತ್ರವೇ. ಸಭೆಯ ತಂದೆತಾಯಂದಿರಲ್ಲಿ ಕೆಲವರು ಶಾಲೆಯ ಪ್ರವಾಸದಲ್ಲಿ ಹೈಗ್ರೌಂಡ್ಸಿಗೆ ಹೋಗಿ, ಕತ್ತಲಾದೊಡನೆ ಪಕ್ಕದವನನ್ನು ಚಿವುಟಿದವರೇ ಇರಬೇಕು.

ಆದರೆ ಝೈಸ್ ಯಂತ್ರಕ್ಕೆ ಅರಮನೆಯಂಥ ಕಟ್ಟಡ ಬೇಕು, ಶ್ರೀಮಂತ ನಗರ ಬೇಕು. ಹಳ್ಳಿಯ ಹುಡುಗ ಆಕಾಶವನ್ನು ನೋಡಲು ನಗರಕ್ಕೆ ಹೋಗಬೇಕಾದ ವಿಪರೀತ. ಇದನ್ನು ಮೊದಲು ಮುರಿದವರು ಫಿಲಡೆಲ್ಫಿಯಾದ ಆರ್ಮಂಡ್ ಸ್ಪಿಟ್ಜ್. ಪತ್ರಿಕೋದ್ಯೋಗಿಯಾಗಿದ್ದು ತಾರಾಲಯದ ಉಪನ್ಯಾಸಕರಾದ ಅವರು, ನುಣುಪಾದ ಗೋಲಕ್ಕೆ ಬದಲು ಹನ್ನೆರಡು ಪಂಚಕೋನದ ಹಲಗೆಗಳನ್ನು ಜೋಡಿಸಿ, ಅದರಲ್ಲಿ ಸೂಜಿರಂಧ್ರ ಕೊರೆದು, ಒಳಗೊಂದು ದೀಪವಿಟ್ಟರು. 1947ರಲ್ಲಿ ಬೆಲೆ 500 ಡಾಲರು. 1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದೊಡನೆ ಅಮೆರಿಕದ ಸರ್ಕಾರ ವಿಜ್ಞಾನ ಶಿಕ್ಷಣಕ್ಕೆ ಹಣ ಸುರಿಯಿತು, ಶಾಲೆ ಶಾಲೆಗಳಲ್ಲಿ ಚಿಕ್ಕ ತಾರಾಲಯಗಳು ಎದ್ದವು. ಭಾರತದಲ್ಲಿಯೂ 1954ರಷ್ಟು ಹಿಂದೆಯೇ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಸ್ಪಿಟ್ಜ್ ಯಂತ್ರವೊಂದು ಬಂದಿತ್ತು.

ಆಕಾಶ ಕಾಲು ಬಂದು ನಡೆದಾಡಿದ್ದು 1977ರಲ್ಲಿ. ಮೆಸಾಚುಸೆಟ್ಸಿನ ಶಿಕ್ಷಕ ಫಿಲಿಪ್ ಸ್ಯಾಡ್ಲರ್ ರೂಪಿಸಿದ ‘ಸ್ಟಾರ್‌ಲ್ಯಾಬ್’ ಎಂದರೆ ಗಾಳಿ ತುಂಬುವ ಬಟ್ಟೆಯ ಗುಮ್ಮಟ, ಒಂದು ಫ್ಯಾನು, ನಡುವೆ ಪುಟ್ಟ ದೀಪದ ಸುತ್ತ ನಿಲ್ಲಿಸುವ ನಕ್ಷತ್ರಪಟದ ಸಿಲಿಂಡರು. ಕಾರಿನಲ್ಲಿ ಹೇರಿಕೊಂಡು ಹೋಗಿ ವ್ಯಾಯಾಮಶಾಲೆಯಲ್ಲಿ ಎಬ್ಬಿಸಬಹುದು. ಸಿಲಿಂಡರನ್ನು ಬದಲಿಸಿದರೆ ಗ್ರೀಕರ ಕಥೆಗಳ ಆಕಾಶ, ಇನ್ನೊಂದಕ್ಕೆ ಇಲ್ಲಿನ ಮೂಲನಿವಾಸಿಗಳ ಆಕಾಶ. ನಾವು ಮೊದಲು ಒಳಹೊಕ್ಕದ್ದು ಅಂಥದೊಂದರಲ್ಲೇ. ಅದರಲ್ಲಿ ಕಪ್ಪು ನಿಜವಾದ ಕಪ್ಪಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇತ್ತ ದೊಡ್ಡ ತಾರಾಲಯಗಳಲ್ಲಿ 1983ರಲ್ಲಿ ಮತ್ತೊಂದು ತಿರುವು. ವರ್ಜೀನಿಯದ ರಿಚ್ಮಂಡ್ ನಗರದಲ್ಲಿ ಎವನ್ಸ್ ಮತ್ತು ಸದರ್ಲ್ಯಾಂಡ್ ಸಂಸ್ಥೆಯ ‘ಡಿಜಿಸ್ಟಾರ್’ ಎಂಬ ಯಂತ್ರ ಬಂದಿತು. ರಂಧ್ರವೂ ಇಲ್ಲ, ನಕ್ಷತ್ರಪಟವೂ ಇಲ್ಲ. ಗಣಕಯಂತ್ರ ನಕ್ಷತ್ರಗಳ ಸ್ಥಾನವನ್ನು ಲೆಕ್ಕಹಾಕಿ ಟಿ.ವಿ. ಕೊಳವೆಯಂಥದರ ಮೇಲೆ ಬರೆಯುತ್ತದೆ, ಮೀನಿನ ಕಣ್ಣಿನ ಮಸೂರ, ಎಂದರೆ ಫಿಶ್‌ಐ ಲೆನ್ಸು, ಅದನ್ನು ಗುಮ್ಮಟದಷ್ಟು ಹರಡುತ್ತದೆ. ಚಿತ್ರಗಳು ಒಂದೇ ಬಣ್ಣದವು, ಚುಕ್ಕೆಗಳು ಮಂಕಾದವು. ಆದರೆ ಭೂಮಿಯನ್ನು ಬಿಟ್ಟು ನಕ್ಷತ್ರಗಳ ನಡುವೆ ಹಾರಿ ಹೋಗುವುದು ಮೊದಲ ಬಾರಿಗೆ ಸಾಧ್ಯವಾಯಿತು.

ಈ ಎರಡು ಧಾರೆಗಳು, ಎಂದರೆ ಸ್ಯಾಡ್ಲರರ ಗಾಳಿಗುಮ್ಮಟವೂ ಡಿಜಿಸ್ಟಾರಿನ ಗಣಕವೂ, ಕೂಡಿಕೊಂಡದ್ದು 2000ದ ನಂತರ. ಕಚೇರಿಗಳ ಸಭೆಗಳಿಗೆಂದು ತಯಾರಾದ ವೀಡಿಯೋ ಪ್ರಕ್ಷೇಪಕಗಳು ಅಗ್ಗವಾದವು. ಫ್ರಾನ್ಸಿನ ಫಾಬಿಯನ್ ಶೆರೋ 2000ದಲ್ಲಿ ಆರಂಭಿಸಿದ ‘ಸ್ಟೆಲೇರಿಯಂ’ ಎಂಬ ತಂತ್ರಾಂಶ ಲೋಕಕ್ಕೆಲ್ಲ ಉಚಿತವಾಗಿ ದೊರೆಯಿತು. ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯ ಮತ್ತು ರೈಸ್ ವಿಶ್ವವಿದ್ಯಾಲಯದವರು ಒಂದು ಕಡೆ, ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ನಿನ ಡಿಜಿಟಾಲಿಸ್ ಸಂಸ್ಥೆಯವರು ಇನ್ನೊಂದು ಕಡೆ, 2003ರ ಸುಮಾರಿಗೆ ಸಂಚಾರಿ ಡಿಜಿಟಲ್ ಗುಮ್ಮಟಗಳನ್ನು ಹೊರತಂದರು. ಫಿಶ್‌ಐ ಲೆನ್ಸ್ ಕೊಳ್ಳಲಾಗದವರಿಗೆ ಆಸ್ಟ್ರೇಲಿಯದಲ್ಲಿ ಪಾಲ್ ಬೋರ್ಕ್ ಬೇರೊಂದು ದಾರಿ ಹುಡುಕಿದರು. ಅಂಗಡಿಗಳ ಮೂಲೆಯಲ್ಲಿ ಕಳ್ಳರ ಮೇಲೆ ಕಣ್ಣಿಡಲು ತೂಗುಹಾಕುತ್ತಾರಲ್ಲ, ಅಂಥ ಉಬ್ಬುಗನ್ನಡಿಯೊಂದನ್ನು ಗುಮ್ಮಟದ ಅಂಚಿನಲ್ಲಿಟ್ಟು, ಸಾಮಾನ್ಯ ಪ್ರಕ್ಷೇಪಕದ ಬೆಳಕನ್ನು ಅದಕ್ಕೆ ತಾಗಿಸಿ ಚದುರಿಸುವುದು. ಕನ್ನಡಿ ಎಳೆದು ಕೆಡಿಸುವ ಚಿತ್ರವನ್ನು ಗಣಕವು ಮೊದಲೇ ತಿರುಗುಮುರುಗಾಗಿ ಕೆಡಿಸಿ ಕಳುಹಿಸುತ್ತದೆ. ಎರಡು ಕೆಡಕುಗಳು ಸೇರಿ ಗುಮ್ಮಟದಲ್ಲಿ ಚಿತ್ರ ನೇರವಾಗುತ್ತದೆ. ಬಡವರ ತಾರಾಲಯಕ್ಕೆ ಇದಕ್ಕಿಂತ ಸೊಗಸಾದ ಉಪಾಯವನ್ನು ನಾವು ಕಾಣೆವು.

ಕರ್ನಾಟಕದಲ್ಲಿಯೂ 2010ರ ದಶಕದಲ್ಲಿ ಸಂಚಾರಿ ಡಿಜಿಟಲ್ ತಾರಾಲಯದ ವಾಹನಗಳು ಸರ್ಕಾರಿ ಶಾಲೆಗಳ ಅಂಗಳಕ್ಕೆ ಹೋಗತೊಡಗಿದವು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿಯೂ ಡಿಜಿಟಲ್ ಪ್ರಕ್ಷೇಪಣವಿದೆ.

ಇನ್ನು ಈ ಯಂತ್ರವನ್ನು ಹೂಡುವ ಕಷ್ಟಸುಖ. ಚರಿತ್ರೆಯನ್ನು ಪುಸ್ತಕದಲ್ಲಿ ಓದಬಹುದು. ಇದನ್ನು ಮಾತ್ರ ನಾವು ಮೈಮೇಲೆ ಹಾಕಿಕೊಂಡು ಕಲಿತದ್ದು.

ಮೊದಲನೆಯ ಪಾಠ ವಿದ್ಯುತ್ತಿನದು. ಕೂಟವೊಂದರ ಯುಗಾದಿಯಂದು ನಾವು ಬ್ಲೋಯರನ್ನೂ ಪ್ರಕ್ಷೇಪಕವನ್ನೂ ಕೈಗೆ ಸಿಕ್ಕಿದ ಸಾಕೆಟ್ಟಿಗೆ ಸೇರಿಸಿದೆವು. ಅದೇ ಸಾಲಿನ ಇನ್ನೊಂದು ತುದಿ ಅಡುಗೆಮನೆಯಲ್ಲಿತ್ತು. ಇಲ್ಲಿನ 15 ಆಂಪಿಯರಿನ ಸಾಲು 120 ವೋಲ್ಟಿನಲ್ಲಿ ಹೊರಬಲ್ಲದ್ದು 1800 ವ್ಯಾಟು. ಕಾಫಿಯ ದೊಡ್ಡ ಪಾತ್ರೆಯೊಂದೇ 1500 ನುಂಗುತ್ತದೆ. ಪ್ರದರ್ಶನದ ನಡುವೆ ಯಾರೋ ಪುಣ್ಯಾತ್ಮರು ಕಾಫಿಗೆ ಇಟ್ಟರು. ಬ್ರೇಕರ್ ಬಿದ್ದು, ಆಕಾಶ ಆರಿ, ಇಪ್ಪತ್ತೈದು ಮಕ್ಕಳ ಮೇಲೆ ಗುಮ್ಮಟ ಮೆಲ್ಲನೆ ಕುಸಿಯತೊಡಗಿತು. ಬಟ್ಟೆ ಹಗುರ, ಗಾಳಿ ಹೋಗಲು ಹಲವು ನಿಮಿಷಗಳು ಬೇಕು, ಅಪಾಯವೇನಿಲ್ಲ. ಮಕ್ಕಳಿಗೆ ಪರಮಾನಂದವಾಯಿತು. ತಾಯಂದಿರಿಗೆ ಆಗಲಿಲ್ಲ. ಅಂದಿನಿಂದ ಬ್ಲೋಯರಿಗೆ ಒಂದು ಸಾಲು, ಪ್ರಕ್ಷೇಪಕಕ್ಕೆ ಬೇರೆಯ ಸಾಲು, ಬಾಗಿಲ ಬಳಿ ಟಾರ್ಚ್ ಹಿಡಿದ ಒಬ್ಬ ದೊಡ್ಡವರು. ಇಂದೂ ಅಡುಗೆಮನೆಯ ಬಳಗಕ್ಕೆ ಮೊದಲೇ ಕೈಮುಗಿದು ಬಂದಿದ್ದೇವೆ.

ಎರಡನೆಯದು ಚಳಿಯದು. ಸಂಕ್ರಾಂತಿಯ ರಾತ್ರಿ ಯಂತ್ರವನ್ನು ಕಾರಿನಲ್ಲೇ ಬಿಟ್ಟು, ಬೆಳಿಗ್ಗೆ ಬೆಚ್ಚಗಿನ ಸಭಾಂಗಣಕ್ಕೆ ತಂದು ಕೂಡಲೇ ತೆರೆದೆವು. ಆಕಾಶವೆಲ್ಲ ಮಂಜು! ಫೋಕಸ್ ತಿರುವಿದಷ್ಟೂ ಹದಗೆಟ್ಟಿತು. ತಂಪಾದ ಮಸೂರದ ಮೇಲೆ ಕೋಣೆಯ ತೇವ ಕುಳಿತಿತ್ತು, ಮಜ್ಜಿಗೆಯ ಲೋಟದ ಹೊರಮೈಯಲ್ಲಿ ಕೂಡುವ ಹನಿಗಳಂತೆ. ಒರೆಸಿದರೆ ಲೇಪ ಗೀಚಿಹೋಗುತ್ತದೆ. ಪೆಟ್ಟಿಗೆಯನ್ನು ಮುಚ್ಚಿಯೇ ಒಂದು ಗಂಟೆ ಕೋಣೆಯಲ್ಲಿಟ್ಟು ಕಾಯುವುದೊಂದೇ ಮದ್ದು.

ಮೂರನೆಯದನ್ನು ಹೇಳಲು ಇಂದಿಗೂ ಸಂಕೋಚವಾಗುತ್ತದೆ. ಗ್ರಂಥಾಲಯವೊಂದರಲ್ಲಿ ನಕ್ಷತ್ರಗಳ ಹೆಸರುಗಳನ್ನು ಮರೆಮಾಡಿ, ಬರಿಯ ಆಕಾಶವನ್ನು ತೋರಿಸುತ್ತಿದ್ದೆವು. ಉತ್ತರವನ್ನು ಉತ್ತರಕ್ಕೇ ಹೊಂದಿಸಿದ್ದೆವು. ಸೂರ್ಯ ಮುಳುಗಿದನು, ರಾತ್ರಿಯಾಯಿತು. ಏಳೆಂಟು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಅಂಕಲ್, ಪಾರ್ಕಿಂಗ್ ಇರೋದು ಆ ಕಡೆ. ಸೂರ್ಯ ದಿನಾ ಅಲ್ಲೇ ಮುಳುಗ್ತಾನೆ. ನಿಮ್ಮ ಸೂರ್ಯ ಈ ಕಡೆ ಯಾಕೆ ಹೋದ?’ ಎಂದಳು. ನಾವು ಬೆರಗಾದೆವು. ಪ್ರಕ್ಷೇಪಕದ ಮೆನುವಿನಲ್ಲಿ ಪರದೆಯ ಹಿಂದಿನಿಂದ ತೋರಿಸುವ ಆಯ್ಕೆ ಹೇಗೋ ಒತ್ತಿಹೋಗಿ, ಚಿತ್ರ ಎಡಬಲವಾಗಿತ್ತು. ಸಪ್ತರ್ಷಿ ಮಂಡಲವೂ ಕನ್ನಡಿಯೊಳಗಿನ ಸಪ್ತರ್ಷಿಯಾಗಿತ್ತು. ಮೂವರು ದೊಡ್ಡವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅಂದಿನಿಂದ ಗುಮ್ಮಟದಲ್ಲಿ ಮೊದಲು ಮೂಡುವುದು ನಕ್ಷತ್ರವಲ್ಲ, ದೊಡ್ಡದೊಂದು ‘ಅ’ ಅಕ್ಷರ. ಅದು ತಿರುಗಿದ್ದರೆ ಕನ್ನಡ ಬಲ್ಲ ಕಣ್ಣಿಗೆ ಕೂಡಲೇ ತಿಳಿಯುತ್ತದೆ. ಅಕ್ಷರದ ಸುತ್ತ ವೃತ್ತವೊಂದನ್ನು ಬರೆದಿದ್ದೇವೆ. ಅದು ಮೊಟ್ಟೆಯಾದರೆ ಲ್ಯಾಪ್‌ಟಾಪು ಕಳುಹಿಸುವ ಅಳತೆಗೂ ಪ್ರಕ್ಷೇಪಕದ ಅಳತೆಗೂ ಹೊಂದಿಕೆಯಿಲ್ಲವೆಂದರ್ಥ. ವೃತ್ತ ಸರಿಯಿದ್ದು ಒಂದು ಕಡೆ ಮೇಲೇರಿದ್ದರೆ ಯಂತ್ರದ ಕಾಲನ್ನು ಸರಿಪಡಿಸಬೇಕು, ಗುಮ್ಮಟವನ್ನು ಎಳೆದಾಡಬಾರದು.

ಹೂಡುವವರ ತಪ್ಪುಗಳು ಇವು. ಯಂತ್ರದ ಸ್ವಭಾವದಿಂದಲೇ ಬರುವ ಕೊರತೆಗಳೂ ಉಂಟು, ಅವನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಪ್ರಕ್ಷೇಪಕದ ಚಿತ್ರ 1920ಕ್ಕೆ 1080 ಚುಕ್ಕೆಗಳ ಆಯತ. ಗುಮ್ಮಟಕ್ಕೆ ಬೇಕಾದದ್ದು ವೃತ್ತ. ಆಯತದೊಳಗೆ 1080 ಚುಕ್ಕೆ ವ್ಯಾಸದ ವೃತ್ತವನ್ನು ಹಿಡಿಸಿದರೆ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಲ್ಲಿ 9 ಲಕ್ಷ 16 ಸಾವಿರ ಮಾತ್ರ ಉಪಯೋಗಕ್ಕೆ ಬರುತ್ತವೆ. ಅರ್ಧಕ್ಕೂ ಹೆಚ್ಚು ವ್ಯರ್ಥ. ಆ 1080 ಚುಕ್ಕೆಗಳು 180 ಡಿಗ್ರಿ ಆಕಾಶವನ್ನು ಹೊರಬೇಕು. ಎಂದರೆ ಒಂದು ಚುಕ್ಕೆಗೆ ಹತ್ತು ಕಲೆಗಳು, ಡಿಗ್ರಿಯ ಆರನೆಯ ಒಂದು ಪಾಲು. ಆರೋಗ್ಯವಾದ ಕಣ್ಣು ಒಂದು ಕಲೆಯನ್ನು ಬೇರ್ಪಡಿಸಬಲ್ಲದು. ಹುಣ್ಣಿಮೆಯ ಚಂದ್ರ ನಮ್ಮ ಗುಮ್ಮಟದಲ್ಲಿ ಮೂರು ಚುಕ್ಕೆ ಅಗಲ.

ಇದರ ಪೆಟ್ಟು ನಮಗೆ ಬಿದ್ದದ್ದು ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರಿಂದ. ಸಪ್ತರ್ಷಿಗಳನ್ನು ತೋರಿಸಿ ವಸಿಷ್ಠನ ಹೆಸರು ಹೇಳಿದೊಡನೆ ಅವರು, ‘ಅರುಂಧತಿ ಎಲ್ಲಪ್ಪಾ? ನನ್ನ ಮದುವೇಲಿ ತೋರಿಸಿದ್ರು, ಈಗಲೂ ಕಾಣುತ್ತೆ ನನಗೆ’ ಎಂದರು. ವಸಿಷ್ಠನಿಗೂ ಅರುಂಧತಿಗೂ ನಡುವೆ ಹನ್ನೆರಡು ಕಲೆಗಳು. ನಮ್ಮ ಯಂತ್ರದಲ್ಲಿ ಅದು ಒಂದು ಚುಕ್ಕೆಗಿಂತ ಸ್ವಲ್ಪ ಹೆಚ್ಚು; ಇಬ್ಬರೂ ಒಂದೇ ಬೆಳಕಾಗಿ ಕಲೆತುಹೋಗಿದ್ದರು. ಆ ಭಾಗವನ್ನು ಹಿಗ್ಗಿಸಿ ತೋರಿಸಿದೆವು. ಅಜ್ಜಿ ನೋಡಿ, ‘ಇದು ಫೋಟೋ’ ಎಂದು ಸುಮ್ಮನಾದರು. ಹೊರಗೆ ಬಂದು ಪಾರ್ಕಿಂಗ್ ದೀಪಗಳ ನಡುವೆ ತಲೆಯೆತ್ತಿ ಹುಡುಕಿದರು, ಅಲ್ಲಿಯೂ ಸಿಗಲಿಲ್ಲ.

ಇನ್ನೊಂದು ಕೊರತೆ ಕಪ್ಪಿನದು. ವೀಡಿಯೋ ಪ್ರಕ್ಷೇಪಕ ಕಪ್ಪನ್ನು ತೋರಿಸುವಾಗಲೂ ಸ್ವಲ್ಪ ಬೆಳಕನ್ನು ಸೋರಿಸುತ್ತದೆ. ಗುಮ್ಮಟದ ಒಂದು ಕಡೆಯ ಬೆಳಕು ಎದುರು ಕಡೆಗೆ ಚಿಮ್ಮಿ ಅದನ್ನು ಇನ್ನಷ್ಟು ಮಂಕುಮಾಡುತ್ತದೆ. ಅದಕ್ಕೆಂದೇ ಬಟ್ಟೆಯನ್ನು ಬಿಳಿಯಾಗಿಡದೆ ಬೂದು ಮಾಡಿರುವುದು. ಸ್ಟಾರ್‌ಲ್ಯಾಬಿನ ಒಂದು ಪುಟ್ಟ ದೀಪ ಕೊಟ್ಟ ಆ ಕಡುಗಪ್ಪು ನಮಗೆ ಮತ್ತೆ ಸಿಕ್ಕಿಲ್ಲ. ಡಿಜಿಟಲ್ ಎಂದರೆ ಎಲ್ಲ ವಿಷಯದಲ್ಲಿಯೂ ಮುಂದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಏನನ್ನೋ ಪಡೆಯಲು ಏನನ್ನೋ ತೆತ್ತಿದ್ದೇವೆ.

ಪಡೆದದ್ದೇನು? ಸ್ಥಳ ಮತ್ತು ಕಾಲ. ಇಲ್ಲಿ ನಮ್ಮ ಊರಿನ ಆಕಾಶದಲ್ಲಿ ಧ್ರುವ 42 ಡಿಗ್ರಿ ಎತ್ತರದಲ್ಲಿದ್ದಾನೆ. ಒಂದು ಗುಂಡಿ ಒತ್ತಿ ಧಾರವಾಡವೆಂದು ಬರೆದರೆ ಧ್ರುವ ಕೆಳಗಿಳಿದು 15 ಡಿಗ್ರಿಗೆ ಬಂದು ನಿಲ್ಲುತ್ತಾನೆ. ದಕ್ಷಿಣದಲ್ಲಿ, ಈ ಊರಿನಿಂದ ಎಂದೂ ಕಾಣದ ಅಗಸ್ತ್ಯ ನಕ್ಷತ್ರ ಮೇಲೇರುತ್ತದೆ. ಅಜ್ಜಂದಿರ ಆಕಾಶ ಬೇರೆ, ಮೊಮ್ಮಕ್ಕಳ ಆಕಾಶ ಬೇರೆ ಎಂಬುದನ್ನು ಹೀಗಲ್ಲದೆ ಬೇರೆ ಹೇಗೆ ತೋರಿಸುವುದು? ಸ್ಟೆಲೇರಿಯಮ್ಮಿನಲ್ಲಿ ಭಾರತೀಯ ನಕ್ಷತ್ರ ಸಂಪ್ರದಾಯವನ್ನು ಆರಿಸಿಕೊಂಡರೆ ಅಶ್ವಿನಿಯಿಂದ ಮೊದಲಾಗುವ ನಕ್ಷತ್ರಗಳೂ ಬರುತ್ತವೆ. ತಮ್ಮ ಜನ್ಮನಕ್ಷತ್ರದ ಹೆಸರು ತಿಳಿದಿರುವ ಮಕ್ಕಳು ಅದನ್ನು ಆಕಾಶದಲ್ಲಿ ಕಂಡಿರುವುದಿಲ್ಲ, ದೊಡ್ಡವರೂ ಅಷ್ಟೆ.

2020ರ ಸಾಂಕ್ರಾಮಿಕದ ದಿನಗಳಲ್ಲಿ ಬಟ್ಟೆಯ ಗುಮ್ಮಟದೊಳಗೆ ಜನರನ್ನು ಕೂರಿಸುವಂತಿರಲಿಲ್ಲ. ಯಂತ್ರ ಗ್ಯಾರೇಜಿನಲ್ಲಿ ಕುಳಿತಿತ್ತು. ಆ ಚಳಿಗಾಲದಲ್ಲಿ ಒಂದು ರಾತ್ರಿ, ರಾಯಚೂರಿನ ನಮ್ಮ ಗೆಳೆಯರು ಒಬ್ಬರೇ ತಮ್ಮ ನೆಲಮಾಳಿಗೆಯ ಬಿಳಿಯ ಚಾವಣಿಗೆ ಅದನ್ನು ಹಚ್ಚಿದರು. ಸ್ಥಳ: ತಮ್ಮ ಹಳ್ಳಿಯ ಅಕ್ಷಾಂಶ, ರೇಖಾಂಶ. ದಿನ: 1980, ಫೆಬ್ರವರಿ 16. ವೇಳೆ: ಮಧ್ಯಾಹ್ನ ಮೂರೂವರೆ. ಸೂರ್ಯ ಪಶ್ಚಿಮಕ್ಕೆ ವಾಲಿದ್ದನು. ಮೂರು ಚುಕ್ಕೆ ಅಗಲದ ಸೂರ್ಯ. ಗ್ರಹಣ ಹಿಡಿದದ್ದು ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಆದರೆ ಕಾಲು ಗಂಟೆಯ ಬಳಿಕ ಚಾವಣಿಯೆಲ್ಲ ಇದ್ದಕ್ಕಿದ್ದಂತೆ ಕತ್ತಲಾಯಿತು, ಸೂರ್ಯನಿಗಿಂತ ಮೇಲೆ ಶುಕ್ರ ಹೊಳೆಯಿತು. ನಡುಮನೆಯ ಕತ್ತಲಲ್ಲಿ ಕೋಳಿ ಕೂಗಿದ್ದು ಕೇಳಿಸಿತ್ತಲ್ಲ, ಆಗ ಮಾಳಿಗೆಯ ಮೇಲೆ ಇದ್ದದ್ದು ಇದು. ಅವರು ಅದನ್ನು ನಾಲ್ಕು ಬಾರಿ ಹಿಂದಕ್ಕೆ ಓಡಿಸಿ ನೋಡಿದರಂತೆ. 2024ರಲ್ಲಿ ನಿಜವಾದ ಗ್ರಹಣವನ್ನು ನೋಡಲು ಒಂಬತ್ತು ಗಂಟೆ ಕಾರು ನಡೆಸಿಕೊಂಡು ಹೋದರು. ಜೊತೆಗೆ ಎಂಬತ್ತಾರು ವರ್ಷದ ತಾಯಿ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತು, ಎಲ್ಲ ಮುಗಿದ ಮೇಲೆ ಸ್ನಾನಕ್ಕೆ ಬಿಸಿನೀರು ಸಿಗುವುದೇ ಎಂದು ಕೇಳಿದರು. ನಮ್ಮ ಗೆಳೆಯರು ಹೋಟೆಲಿಗೆ ಕರೆದೊಯ್ದು ಬಿಸಿನೀರು ಬಿಟ್ಟುಕೊಟ್ಟರು.

ಅಲ್ಲಿಂದ ಕೈಸನ್ನೆ ಬರುತ್ತಿದೆ. ‘ಅ’ ಅಕ್ಷರ ನೇರವಾಗಿ ನಿಂತಿರಬೇಕು. ಒಂದು ಸಲಕ್ಕೆ ಇಪ್ಪತ್ತೈದು ಮಂದಿ ಮಾತ್ರ. ಮಕ್ಕಳು ಮೊದಲು, ಅವರೊಡನೆ ನೆಲದ ಮೇಲೆ ಕೂರಲಾರದ ಹಿರಿಯರು. ಅವರಿಗೆ ಗೋಡೆಯ ಅಂಚಿನಲ್ಲಿ ಕುರ್ಚಿಗಳಿವೆ. ಪಾದರಕ್ಷೆಗಳನ್ನು ಹೊರಗೆ ಬಿಡಿ, ಫೋನುಗಳನ್ನು ಆರಿಸಿಡಿ. ಬಾಗಿಲಿನ ಕೊಳವೆಯಲ್ಲಿ ಬಗ್ಗಿ ಬರಬೇಕು. ಒಳಗೆ ಬಂದ ಮೇಲೆ ಹತ್ತು ನಿಮಿಷ ಏನೂ ತೋರಿಸುವುದಿಲ್ಲ, ಕಣ್ಣು ಕತ್ತಲಿಗೆ ಹೊಂದಲಿ. ಬ್ಲೋಯರಿನ ಸದ್ದು ನಿಂತರೆ ಯಾರೂ ಗಾಬರಿಯಾಗಬೇಡಿ, ಕಾಫಿಗೆ ಇಟ್ಟಿರುತ್ತಾರೆ.